ಲೆಕ್ಕದಿಂದ ನಾಟಕದವರೆಗೆ

ಗಿರೀಶ ಕಾರ್ನಾಡರು ಧಾರವಾಡದಲ್ಲಿ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ಆಸೆಯಿದ್ದದ್ದು ಇಂಗ್ಲಿಷಿನಲ್ಲಿ ಕವಿಯಾಗಿ ಹೆಸರು ಮಾಡಬೇಕೆಂದು. ಆದರೆ ಆಕ್ಸ್‌ಫರ್ಡ್‌ಗೆ ಹೊರಡುವ ಮುನ್ನ, ಮನೆಯವರ ಆತಂಕದ ನಡುವೆ ಬರೆಯಲು ಕೂತಾಗ ಹೊಮ್ಮಿದ್ದು ನಾಟಕ, ಅದೂ ಕನ್ನಡದಲ್ಲಿ: ‘ಯಯಾತಿ’. ತನ್ನೊಳಗೇನಿದೆ ಎಂಬುದು ಎಷ್ಟೋ ಸಲ ಯೋಚಿಸಿದರೆ ತಿಳಿಯುವುದಿಲ್ಲ, ಕೆಲಸಕ್ಕೆ ಕೈ ಹಾಕಿದಾಗಲೇ ತಿಳಿಯುತ್ತದೆ.

ಹಾಗೆಂದು ಅವರು ನೌಕರಿಗೆ ಬೆನ್ನು ತಿರುಗಿಸಲಿಲ್ಲ.

1963ರಿಂದ ಏಳು ವರ್ಷ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ದುಡಿದರು. ಜೊತೆಗೆ ಹವ್ಯಾಸಿ ರಂಗತಂಡದ ಒಡನಾಟವಿತ್ತು. 1964ರಲ್ಲಿ ‘ತುಘಲಕ್’ ಬಂತು. ವೃತ್ತಿ ಬದಲಿಸಲು ಹಂಬಲಿಸುವವರು ಗಮನಿಸಬೇಕಾದದ್ದು ಈ ಏಳು ವರ್ಷಗಳನ್ನೇ: ಕೈಯಲ್ಲಿ ಸಂಬಳ, ಬಿಡುವಿನಲ್ಲಿ ಸಾಧನೆ. 1970ರಲ್ಲಿ ರಾಜೀನಾಮೆ ಕೊಟ್ಟು ಪೂರ್ತಿಯಾಗಿ ಬರವಣಿಗೆಗೆ ಇಳಿದರು. ಮರುವರ್ಷ ‘ಹಯವದನ’ ಹೊರಬಂತು.