ಗುಬ್ಬಿಗೆ ಅಕ್ಕಿ ಹಾಕಿದರೆ ಸಾಕಾ?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಓದ್ತೀವಿ ಅನ್ನೋರಿಗಾಗಿ ಇವತ್ತಿನ ಮಾತುಕತೆ ಇಲ್ಲಿದೆ. ವಿಷಯ ಗುಬ್ಬಚ್ಚಿ. ನಾಸಿಕ್, ಛತ್ರಪತಿ ಸಂಭಾಜಿನಗರದ ಕಡೆ ಇರೋ ನಮ್ಮವರಿಗೆ ಗೊತ್ತಿರುತ್ತೆ, ಮರಾಠಿಯಲ್ಲಿ ಇದಕ್ಕೆ ‘ಚಿಮಣಿ’ ಅಂತಾರೆ.

ಪ್ರತಿವರ್ಷ ಮಾರ್ಚ್ 20ರಂದು ವಿಶ್ವ ಗುಬ್ಬಚ್ಚಿ ದಿನ ಆಚರಿಸ್ತೀವಲ್ಲ, ಅದರ ಹಿಂದೆ ಇರೋದು ನಾಸಿಕ್‌ನ ಮೊಹಮ್ಮದ್ ದಿಲಾವರ್ ಮತ್ತು ಅವರು ಕಟ್ಟಿದ ನೇಚರ್ ಫಾರೆವರ್ ಸೊಸೈಟಿ. ಮೊದಲ ಆಚರಣೆ ನಡೆದದ್ದು 2010ರಲ್ಲಿ. ಅದಕ್ಕೂ ಮುಂಚೆ, 2008ರಲ್ಲಿ, ಟೈಮ್ ಪತ್ರಿಕೆ ದಿಲಾವರ್ ಅವರನ್ನು ಪರಿಸರದ ಹೀರೋಗಳ ಸಾಲಿನಲ್ಲಿ ಹೆಸರಿಸಿತ್ತು.

ಹಾಗಾದ್ರೆ ಗುಬ್ಬಿ ನಿಜವಾಗಿ ಕಮ್ಮಿ ಆಗಿದೆಯಾ? 2020ರಲ್ಲಿ ಬಂದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯ ಪ್ರಕಾರ ಒಟ್ಟು ದೇಶದಲ್ಲಿ ಅವುಗಳ ಸಂಖ್ಯೆ ಹೆಚ್ಚುಕಮ್ಮಿ ಸ್ಥಿರವಾಗಿದೆ. ಇಳಿದಿರುವುದು ಬೆಂಗಳೂರು, ಮುಂಬೈನಂಥ ಮಹಾನಗರಗಳಲ್ಲಿ. ಮೊಬೈಲ್ ಟವರೇ ಕಾರಣ ಅಂತ ತುಂಬಾ ಜನ ಹೇಳ್ತಾರೆ, ಅದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಕಣ್ಣಿಗೆ ಕಾಣುವ ಕಾರಣಗಳು ಎರಡಿವೆ.

ಒಂದು, ಮನೆ. ಹಳೇ ನಾಸಿಕ್‌ನ ವಾಡೆಗಳಲ್ಲಿ, ನಮ್ಮ ಹೆಂಚಿನ ಮನೆಗಳಲ್ಲಿ ತೊಲೆಯ ಸಂದು, ಗೋಡೆಯ ಕಿಂಡಿ, ದೇವರ ಪಟದ ಹಿಂಬದಿ, ಹೀಗೆ ಗೂಡಿಗೆ ಎಷ್ಟೋ ಜಾಗ ಇರ್ತಿತ್ತು. ಸಿಮೆಂಟು, ಗಾಜಿನ ಮನೆಯಲ್ಲಿ ಅದೆಲ್ಲಿದೆ?

ಎರಡು, ಮರಿಯ ಊಟ. ದೊಡ್ಡ ಗುಬ್ಬಿ ಕಾಳು ತಿನ್ನುತ್ತೆ. ಆದರೆ ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿಗೆ ಬೇಕಾಗಿರೋದು ಮೆತ್ತನೆಯ ಹುಳ. ನಾವು ಅಂಗಳದಲ್ಲಿ ಅಕ್ಕಿ ಚೆಲ್ಲಿ, ಅದೇ ಕೈಯಲ್ಲಿ ದಾಸವಾಳಕ್ಕೆ ಕೀಟನಾಶಕ ಹೊಡೆದರೆ ತಾಯಿ ಹಕ್ಕಿಗೆ ಊಟ ಸಿಕ್ಕೀತು, ಮರಿ ಮಾತ್ರ ಉಪವಾಸ.

ಇಂಗ್ಲೆಂಡಿನಲ್ಲಿ ಹೆಡ್ಜ್‌ಹಾಗ್ ಅನ್ನೋ ಪುಟ್ಟ ಮುಳ್ಳುಪ್ರಾಣಿ ತೋಟದಿಂದ ತೋಟಕ್ಕೆ ಓಡಾಡಲಿ ಅಂತ ಬೇಲಿಯ ಬುಡದಲ್ಲಿ 13 ಸೆಂಟಿಮೀಟರ್ ಚೌಕದ ಕಿಂಡಿ ಬಿಡ್ತಾರೆ. ಗುಬ್ಬಿಗೆ ಅಷ್ಟೂ ಬೇಡ, 32 ಮಿಲಿಮೀಟರ್ ಅಗಲದ ಒಂದು ತೂತು ಸಾಕು.

ಮರದ ಪೆಟ್ಟಿಗೆಗೆ ಅಂಥ ತೂತು ಮಾಡಿ, ಎಂಟು–ಹತ್ತು ಅಡಿ ಎತ್ತರದಲ್ಲಿ, ಬೆಕ್ಕು ಹತ್ತದ ಕಡೆ, ಮಧ್ಯಾಹ್ನದ ಬಿಸಿಲು ಬೀಳದ ಗೋಡೆಗೆ ಹೊಡೆಯಿರಿ. ಫ್ಯಾನಿನ ಹತ್ತಿರ ಖಂಡಿತ ಬೇಡ. ಗುಬ್ಬಿಗಳು ಗುಂಪಿನಲ್ಲಿರೋ ಹಕ್ಕಿಗಳು, ಹಾಗಾಗಿ ಎರಡು–ಮೂರು ಪೆಟ್ಟಿಗೆ ಅಕ್ಕಪಕ್ಕ ಇಟ್ಟರೂ ನಡೆಯುತ್ತೆ. ಗೋರಂಟಿ, ನಿಂಬೆಯಂಥ ಒತ್ತಾದ ಗಿಡ ಒಂದಿರಲಿ. ಒಂದು ಮೂಲೆಯ ಮಣ್ಣು ಒಣಗಿರಲಿ, ಗುಬ್ಬಿ ಧೂಳಿನಲ್ಲಿ ಸ್ನಾನ ಮಾಡುತ್ತೆ.

ಸಂಭಾಜಿನಗರದಲ್ಲಿ ಬೇಸಿಗೆ 40 ಡಿಗ್ರಿ ಮುಟ್ಟುತ್ತೆ. ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ನಡುವೆ ಒಂದು ಕಲ್ಲಿಡಿ. ದಿನಾ ತೊಳೆದು ನೀರು ಬದಲಾಯಿಸಿ.

ಇನ್ನು ನೋಡುವ ಸಂತೋಷ. ಕತ್ತಿನ ಕೆಳಗೆ ಕಪ್ಪು ಇರೋದು ಗಂಡು. ಅದು ತೂತಿನ ಬಾಯಲ್ಲಿ ಕೂತು ಒಂದೇ ಸಮನೆ ಕೂಗ್ತಿದ್ದರೆ ಹೆಣ್ಣನ್ನು ಮನೆ ನೋಡೋಕೆ ಕರೀತಿದೆ ಅಂತ ಅರ್ಥ. ಮೊಟ್ಟೆಗೆ ಸುಮಾರು 12 ದಿನ ಕಾವು, ಆಮೇಲೆ ಸುಮಾರು ಎರಡು ವಾರಕ್ಕೆ ಮರಿ ಹೊರಗೆ. ಅಲ್ಲಿವರೆಗೂ ಪೆಟ್ಟಿಗೆ ತೆರೆದು ಇಣುಕಬೇಡಿ, ದೂರದಿಂದಲೇ ನೋಡಿ. ರೆಕ್ಕೆ ಬಂದ ಮರಿ ನೆಲದಲ್ಲಿ ಕಂಡರೆ ಮನೆಯೊಳಗೆ ತರಬೇಡಿ, ಹತ್ತಿರದ ಗಿಡದ ಮರೆಗೆ ಬಿಡಿ. ತಾಯಿ ತಂದೆ ಅಲ್ಲೇ ಬಂದು ತುತ್ತು ಕೊಡ್ತವೆ.

ಪೆಟ್ಟಿಗೆ ಇಟ್ಟ ತಕ್ಷಣ ಗುಬ್ಬಿ ಬರಲ್ಲ, ಕೆಲವೊಮ್ಮೆ ಒಂದು ವರ್ಷ ಕಾಯಬೇಕು. ಅಲ್ಲಿವರೆಗೆ ಮಾಡಬೇಕಾದ ಕೆಲಸ ಒಂದೇ: ಕೀಟನಾಶಕದ ಡಬ್ಬಿ ಪಕ್ಕಕ್ಕಿಡಿ. ನಿಮ್ಮ ಮನೆ ಹತ್ತಿರ ಗುಬ್ಬಿ ಎಲ್ಲಿ ಗೂಡು ಕಟ್ಟಿದೆ ಅಂತ ನಮಗೂ ತಿಳಿಸಿ. ಮುಂದಿನ ಮಾತುಕತೆಯಲ್ಲಿ ಸಿಗೋಣ.