ಮನೆಯಲ್ಲಿಯೇ ಚಾಕು ಹಾಗೂ ಮೆಟ್ಟುಗತ್ತಿ ಮಸೆಯುವ ಕ್ರಮ: ಸಾರ್ವಜನಿಕರಿಗೆ ಮಾಹಿತಿ

ಉತ್ತರ ಕನ್ನಡ ಜಿಲ್ಲೆ ಅಂಕೋಲಾ ತಾಲ್ಲೂಕಿನ ಬೊಬ್ರುವಾಡ ಹಾಗೂ ಸುತ್ತಲಿನ ಕರಾವಳಿ ಗ್ರಾಮಗಳ ಅಡುಗೆಮನೆಗಳಲ್ಲಿ ಮೀನು ಕೊಯ್ಯಲು, ತರಕಾರಿ ಹೆಚ್ಚಲು ಮೆಟ್ಟುಗತ್ತಿ (ಈಳಿಗೆಮಣೆ) ಹಾಗೂ ಚಾಕು ಬಳಕೆಯಲ್ಲಿವೆ. ಅಲಗು ಮೊಂಡಾಗಿದ್ದರೆ ಅಪಾಯ ಕಡಿಮೆ ಎಂಬ ಭಾವನೆ ಕೆಲವರಲ್ಲಿದ್ದು, ಇದು ಸರಿಯಲ್ಲ. ಮೊಂಡು ಅಲಗನ್ನು ಬಲವಾಗಿ ಒತ್ತಬೇಕಾಗುತ್ತದೆ. ಹಸಿ ಬಂಗುಡೆಯ ಮೈಮೇಲೆ ಅದು ಜಾರಿದಲ್ಲಿ ಆ ಬಲವೆಲ್ಲ ಬೆರಳಿನ ಮೇಲೆ ಬೀಳುತ್ತದೆ.

ಚಿರೆಕಲ್ಲು ಅಥವಾ ಸಿಮೆಂಟು ಕಟ್ಟೆಯ ಮೇಲೆ ತಿಕ್ಕುವುದರಿಂದ ಅಲಗು ಏರುಪೇರಾಗುತ್ತದೆ. ಹಾರ್ಡ್‌ವೇರ್ ಅಂಗಡಿಗಳಲ್ಲಿ ದೊರೆಯುವ, ಒಂದು ಬದಿ ಒರಟು ಮತ್ತೊಂದು ಬದಿ ನಯವಾಗಿರುವ ಕಾರ್ಬೊರಂಡಂ ಮಸೆಗಲ್ಲು ಗೃಹಬಳಕೆಗೆ ಸಾಕು. ಕಲ್ಲಿನ ಮೇಲೆ ನಮೂದಿಸಿದ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯವಾಗಿರುತ್ತದೆ.

ಕಲ್ಲನ್ನು ನೀರಿನಲ್ಲಿ ನೆನೆಸಿ, ಜಾರದಂತೆ ಒದ್ದೆ ಬಟ್ಟೆಯ ಮೇಲೆ ಇಡತಕ್ಕದ್ದು. ಚಾಕುವನ್ನು 15ರಿಂದ 20 ಡಿಗ್ರಿ ಕೋನದಲ್ಲಿ ಹಿಡಿಯಬೇಕು. ಅಲಗು 4 ಸೆಂ.ಮೀ. ಅಗಲವಿದ್ದಲ್ಲಿ ಅದರ ಬೆನ್ನು ಕಲ್ಲಿನಿಂದ ಸುಮಾರು 1ರಿಂದ 1.4 ಸೆಂ.ಮೀ. ಎತ್ತರದಲ್ಲಿದ್ದರೆ ಈ ಕೋನ ದೊರೆಯುತ್ತದೆ. ಕೋನ ಬದಲಾಗದಂತೆ ಹಿಡಿಯಿಂದ ತುದಿಯವರೆಗೆ ಒಂದೇ ಬದಿಯನ್ನು ಒರಟು ಕಲ್ಲಿನ ಮೇಲೆ ಮಸೆಯುತ್ತ ಹೋದಂತೆ, ಎದುರು ಬದಿಯ ಅಂಚಿನಲ್ಲಿ ತೆಳುವಾದ ಲೋಹದ ಎಳೆ ಏಳುತ್ತದೆ. ಬೆನ್ನಿನ ಕಡೆಯಿಂದ ಅಂಚಿನ ಹೊರಕ್ಕೆ ಬೆರಳನ್ನು ಮೆಲ್ಲಗೆ ಸವರಿದರೆ ಅದು ತಿಳಿಯುತ್ತದೆ. ಅಂಚಿನ ಉದ್ದಕ್ಕೆ ಬೆರಳಾಡಿಸಕೂಡದು. ಈ ಎಳೆ ಏಳುವ ಮುನ್ನವೇ ಬದಿ ಬದಲಾಯಿಸುವುದರಿಂದ ಎಷ್ಟು ಮಸೆದರೂ ಹರಿತ ಬರುವುದಿಲ್ಲ. ಎಳೆ ಎದ್ದ ನಂತರ ಇನ್ನೊಂದು ಬದಿಯನ್ನು ಅದೇ ರೀತಿ ಮಸೆದು, ಬಳಿಕ ನಯ ಕಲ್ಲಿನ ಮೇಲೆ ಎರಡೂ ಬದಿಗಳನ್ನು ಹಗುರವಾಗಿ ಒಂದರ ನಂತರ ಒಂದರಂತೆ ಎಳೆದು ಆ ಎಳೆಯನ್ನು ತೆಗೆಯತಕ್ಕದ್ದು. ವೃತ್ತಪತ್ರಿಕೆಯ ಹಾಳೆ ಹರಿಯದೆ ಸಲೀಸಾಗಿ ತುಂಡಾದರೆ ಸಾಕು.

ಮೆಟ್ಟುಗತ್ತಿಯ ಅಲಗು ಮಣೆಗೆ ಜೋಡಿಸಲ್ಪಟ್ಟಿರುವುದರಿಂದ ಅಲಗಿನ ಬದಲು ಸಣ್ಣ ಕಲ್ಲನ್ನು ಚಲಿಸಬೇಕಾಗುತ್ತದೆ. ಮಣೆಯನ್ನು ಭದ್ರವಾಗಿ ಮೆಟ್ಟಿ, ಕಲ್ಲು ಹಿಡಿದ ಬೆರಳುಗಳು ಅಂಚನ್ನು ದಾಟದಂತೆ ನೋಡಿಕೊಳ್ಳುವುದು ಇಲ್ಲಿ ಅತಿ ಮುಖ್ಯ. ಗಾಯವಾದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಟೆಟನಸ್ ಚುಚ್ಚುಮದ್ದಿನ ಬಗ್ಗೆ ವಿಚಾರಿಸತಕ್ಕದ್ದು.

ಕರಾವಳಿಯ ಉಪ್ಪುಗಾಳಿಗೆ ಕಮ್ಮಾರರು ತಯಾರಿಸಿದ ಕಬ್ಬಿಣದ ಅಲಗು ಬೇಗ ತುಕ್ಕು ಹಿಡಿಯುತ್ತದೆ. ಮಾವಿನಕಾಯಿ, ಮುರುಗಲುಗಳ ಹುಳಿಯಿಂದ ಕಪ್ಪಾಗುತ್ತದೆ. ಬಳಸಿದ ಕೂಡಲೇ ತೊಳೆದು, ಒರೆಸಿ, ತೆಂಗಿನೆಣ್ಣೆ ಸವರಿಡುವುದು ಒಳ್ಳೆಯದು.

ಗೃಹಬಳಕೆಯ ಕತ್ತಿಗೆ ಪರವಾನಗಿ ಬೇಕೇ ಎಂಬ ಸಂದೇಹ ಬೇಡ. ಕೇವಲ ಗೃಹ ಅಥವಾ ಕೃಷಿ ಉಪಯೋಗಕ್ಕೆಂದೇ ರೂಪಿಸಿದ ವಸ್ತುಗಳು ಆಯುಧ ಅಧಿನಿಯಮ, 1959ರಲ್ಲಿನ ಆಯುಧ ಎಂಬ ಪರಿಭಾಷೆಯಲ್ಲಿ ಒಳಗೊಳ್ಳುವುದಿಲ್ಲ.

ಅಂಚು ಆಳವಾಗಿ ಮುರಿದಿದ್ದಲ್ಲಿ ಕಲ್ಲಿನಿಂದ ಸರಿಯಾಗದು, ಕಮ್ಮಾರರಲ್ಲಿಗೆ ಒಯ್ಯಬೇಕು. ದಿನಾಂಕ 17-09-2023ರಂದು ಪ್ರಾರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದ್ದು, ಪರಿಕರಗಳಿಗಾಗಿ ರೂ. 15,000ದವರೆಗೆ ಪ್ರೋತ್ಸಾಹಧನ ನಿಗದಿಯಾಗಿದೆ. ಸಾಣೆ ಹಿಡಿಯುವುದು ಪ್ರತ್ಯೇಕ ಕಸುಬಾಗಿ ಈ ಪಟ್ಟಿಯಲ್ಲಿಲ್ಲ. ಗ್ರಾಮೀಣ ಅರ್ಜಿದಾರರ ಮೊದಲ ಹಂತದ ಪರಿಶೀಲನೆ ಗ್ರಾಮ ಪಂಚಾಯತಿಯಲ್ಲಿ ನಡೆಯುತ್ತದೆ. ಆಸಕ್ತ ಕಮ್ಮಾರರು ನೋಂದಣಿ ತೆರೆದಿದೆಯೇ ಎಂಬುದನ್ನು ಸಾಮಾನ್ಯ ಸೇವಾ ಕೇಂದ್ರದಲ್ಲಿ ಖಚಿತಪಡಿಸಿಕೊಂಡು, ಆಧಾರ್, ಬ್ಯಾಂಕ್ ಖಾತೆಯ ವಿವರ ಹಾಗೂ ಪಡಿತರ ಚೀಟಿಯೊಂದಿಗೆ ಅರ್ಜಿ ಸಲ್ಲಿಸುವುದು.