ಡೋರಾ ಎದ್ದು ಹೋದದ್ದೇಕೆ?

1900ನೆಯ ಇಸವಿ, ಡಿಸೆಂಬರ್ 31. ವಿಯೆನ್ನಾ ನಗರದಲ್ಲಿ ಡಾಕ್ಟರ್ ಸಿಗ್ಮಂಡ್ ಫ್ರಾಯ್ಡರ ಚಿಕಿತ್ಸಾಲಯಕ್ಕೆ ಬಂದ ಹದಿನೆಂಟರ ತರುಣಿಯೊಬ್ಬಳು, ತಾನು ಬರುವುದು ಇಂದಿಗೆ ಕಡೆ ಎಂದು ತಿಳಿಸಿದಳು. ಚಿಕಿತ್ಸೆ ಆರಂಭವಾಗಿ ಹನ್ನೊಂದು ವಾರಗಳಾಗಿದ್ದುವು, ಅಷ್ಟೆ. ಅಂದು ವೈದ್ಯರು ಹೇಳಿದುದನ್ನೆಲ್ಲ ಆಕೆ ಮೌನವಾಗಿ ಕೇಳಿದಳು, ಹೊಸ ವರ್ಷದ ಶುಭಾಶಯವನ್ನು ಮನಸಾರೆ ಕೋರಿದಳು, ಹೊರಟುಹೋದಳು.

ಡೋರಾ ಎಂಬುದು ವೈದ್ಯರು ಆಕೆಗೆ ಇಟ್ಟ ಹೆಸರು. ನಿಜನಾಮ ಇಡಾ ಬಾವರ್. ಮುಂದೆ ಆಸ್ಟ್ರಿಯದ ವಿದೇಶಾಂಗ ಮಂತ್ರಿಯಾದ ಆಟೊ ಬಾವರನ ತಂಗಿ. ಬಿಡದ ಕೆಮ್ಮು, ಆಗಾಗ ಅಡಗಿಹೋಗುವ ಧ್ವನಿ, ಬದುಕಿನಲ್ಲಿ ಬೇಸರ. ಪ್ರಾಣ ಬಿಡುವೆನೆಂದು ಆಕೆ ಬರೆದಿಟ್ಟ ಪತ್ರ ಕೈಗೆ ಸಿಕ್ಕಮೇಲೆ ತಂದೆ ಗಾಬರಿಗೊಂಡು ವೈದ್ಯರಲ್ಲಿಗೆ ಕರೆತಂದಿದ್ದ.

ಆದರೆ ಕಥೆ ಅಷ್ಟು ಸರಳವಲ್ಲ. ಫ್ರಾಯ್ಡರು ಕೆ. ಎಂದು ಕರೆದಿರುವ ಸ್ನೇಹಿತನ ಪತ್ನಿಯೊಡನೆ ತಂದೆಗೆ ಗುಪ್ತ ಸಂಬಂಧವಿತ್ತು. ಅದೇ ಕೆ. ಮಹಾಶಯ ಸರೋವರದ ದಡದಲ್ಲಿ ಈ ಬಾಲೆಯೊಡನೆ ಅನುಚಿತ ಪ್ರಸ್ತಾಪವೆತ್ತಿದ್ದ. ಹುಡುಗಿ ಮನೆಯವರಿಗೆ ಹೇಳಿದಳು, ಆತ ಇಲ್ಲವೆಂದ, ತಂದೆ ಆತನನ್ನೇ ನಂಬಿದ. ಮಗಳಿಗೆ ಬುದ್ಧಿ ಹೇಳಿ ಸರಿದಾರಿಗೆ ತನ್ನಿರೆಂದು ವೈದ್ಯರಲ್ಲಿ ಬಿನ್ನವಿಸಿಕೊಂಡವನೂ ಆತನೇ. ಚಿಕಿತ್ಸೆ ಬೇಕಾಗಿದ್ದುದು ಯಾರಿಗೆ?

ನ್ಯಾಯವಾಗಿ ಹೇಳಬೇಕೆಂದರೆ, ಡೋರಾ ಸುಳ್ಳಾಡುತ್ತಿಲ್ಲವೆಂದು ಫ್ರಾಯ್ಡರು ನಂಬಿದರು. ಆದರೆ ಅಲ್ಲಿಗೆ ನಿಲ್ಲಲಿಲ್ಲ. ಅಂತರಂಗದಲ್ಲಿ ಆಕೆಗೆ ಆ ಮನುಷ್ಯನ ಮೇಲೆಯೇ ಪ್ರೇಮವಿದೆಯೆಂದು ಸಾಧಿಸತೊಡಗಿದರು. ಆಕೆ ಅಲ್ಲವೆಂದರೆ, ಆ ನಿರಾಕರಣೆಯೇ ಒಪ್ಪಿಗೆಯ ಗುರುತೆಂದು ಭಾವಿಸಿದರು. ಇಲ್ಲ ಎಂಬ ಮಾತಿಗೆ ಬೆಲೆಯಿಲ್ಲದ ಕಡೆ ಉಳಿಯುವ ಉತ್ತರ ಒಂದೇ: ಎದ್ದು ನಡೆಯುವುದು.

1905ರಲ್ಲಿ ಈ ವೃತ್ತಾಂತವನ್ನು ಪ್ರಕಟಿಸಿದಾಗ ಫ್ರಾಯ್ಡರು ಒಂದು ತಪ್ಪನ್ನು ಒಪ್ಪಿಕೊಂಡರು. ರೋಗಿ ಇತರರ ಮೇಲಿನ ಭಾವಗಳನ್ನು ವೈದ್ಯನ ಮೇಲೆ ಹೊರಿಸುವುದುಂಟು. ಅದನ್ನು ತಾವು ಸಕಾಲದಲ್ಲಿ ಗುರುತಿಸಲಿಲ್ಲವೆಂದರು. ಸೋಲನ್ನು ಅಚ್ಚಿನಲ್ಲಿ ಒಪ್ಪಿಕೊಳ್ಳುವ ವೈದ್ಯರು ವಿರಳ. ಆದರೂ ಆಕೆ ಹೊರಟುಹೋದದ್ದು ಸೇಡಿನಿಂದ ಎಂದೇ ಅವರ ತೀರ್ಮಾನ.

ಮನೋಚಿಕಿತ್ಸೆಯನ್ನು ನಡುವೆ ತೊರೆಯುವವರು ಎಷ್ಟು ಮಂದಿ? 1993ರಲ್ಲಿ 125 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ನೂರಕ್ಕೆ ಸುಮಾರು 47 ಎಂಬ ಉತ್ತರ ದೊರೆಯಿತು. 2012ರಲ್ಲಿ 669 ಅಧ್ಯಯನಗಳ 83,834 ಮಂದಿಯನ್ನು ಲೆಕ್ಕ ಹಾಕಿದಾಗ ಐವರಲ್ಲಿ ಒಬ್ಬರು ಎಂದು ಕಂಡಿತು. ತೊರೆಯುವುದೆಂದರೆ ಏನೆಂಬುದನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಅರ್ಥಮಾಡುವುದರಿಂದ ಸಂಖ್ಯೆ ಹೀಗೆ ಏರಿಳಿಯುತ್ತದೆ. ಹಣದ ಅಡಚಣೆ, ದೂರದ ದಾರಿ, ನಾಲ್ಕು ಜನ ಏನೆಂದಾರೆಂಬ ಅಂಜಿಕೆ ಇವೆಲ್ಲ ಕಾರಣಗಳೇ. ಇಷ್ಟು ಗುಣವಾದರೆ ಸಾಕೆಂದು ನಿಲ್ಲಿಸುವವರೂ ಉಂಟು. ಕಿರಿಯ ವಯಸ್ಸಿನವರು ಹೆಚ್ಚಾಗಿ ಬಿಡುತ್ತಾರೆ. ಇನ್ನೂ ತರಬೇತಿಯಲ್ಲಿರುವ ಚಿಕಿತ್ಸಕರ ಬಳಿ ಬಿಡುವವರೂ ಹೆಚ್ಚು.

ಎಲ್ಲಕ್ಕಿಂತ ಚಿಂತನೀಯವಾದುದು ಇಬ್ಬರ ನಡುವಿನ ನಂಟು. ಇದರಲ್ಲಿ ಮೂರು ಎಳೆಗಳಿವೆ ಎಂದು 1979ರಲ್ಲಿ ಅಮೆರಿಕದ ಎಡ್ವರ್ಡ್ ಬೋರ್ಡಿನ್ ವಿವರಿಸಿದರು: ಗುರಿಯ ಬಗ್ಗೆ ಒಮ್ಮತ, ಮಾಡುವ ಕೆಲಸದ ಬಗ್ಗೆ ಒಮ್ಮತ, ಪರಸ್ಪರ ವಿಶ್ವಾಸ. ನಂಟು ಸಡಿಲವಿದ್ದಲ್ಲಿ ಬಿಟ್ಟುಹೋಗುವವರು ಹೆಚ್ಚೆಂದು ಆಮೇಲಿನ ಸಂಶೋಧನೆಗಳೂ ತೋರಿಸಿವೆ. ಡೋರಾಳ ವಿಷಯದಲ್ಲಿ ಮೊದಲ ಎಳೆಯೇ ಇರಲಿಲ್ಲ. ತಂದೆಗೆ ಬೇಕಾದುದು ಮಗಳ ಮೌನ. ವೈದ್ಯರಿಗೆ ಬೇಕಾದುದು ಕನಸಿನ ಒಗಟಿಗೆ ಉತ್ತರ. ಆಕೆಗೆ ಬೇಕಾಗಿದ್ದುದು ನಡೆದದ್ದು ನಿಜವೆಂದು ಹಿರಿಯರು ಒಪ್ಪಿಕೊಳ್ಳುವುದು.

ಅದನ್ನು ಆಕೆ ತಾನೇ ಪಡೆದಳು. 1901ರಲ್ಲಿ ಕೆ. ದಂಪತಿಗಳ ಮಗುವೊಂದು ತೀರಿಕೊಂಡಾಗ ಸಂತಾಪ ಸೂಚಿಸಲು ಹೋದವಳು, ಸರೋವರದ ದಡದ ಸಂಗತಿಯನ್ನು ಆತನ ಬಾಯಿಂದಲೇ ಒಪ್ಪಿಸಿಕೊಂಡು ಬಂದು ಮನೆಯವರಿಗೆ ತಿಳಿಸಿದಳು. 1902ರ ಏಪ್ರಿಲ್ 1ರಂದು, ಮುಖದ ನೋವೆಂದು ಹೇಳಿಕೊಂಡು, ಸಹಾಯಕ್ಕಾಗಿ ಮತ್ತೆ ಫ್ರಾಯ್ಡರ ಬಾಗಿಲಿಗೆ ಬಂದಳು. ಒಮ್ಮೆ ಮುಖ ನೋಡಿದೊಡನೆಯೇ, ಆಕೆಯ ಕೋರಿಕೆ ಮನಃಪೂರ್ವಕವಾದುದಲ್ಲವೆಂದು ಫ್ರಾಯ್ಡರು ನಿರ್ಧರಿಸಿಬಿಟ್ಟರು. ಗುಣಪಡಿಸುವ ತೃಪ್ತಿಯನ್ನು ತಮ್ಮಿಂದ ಕಸಿದುಕೊಂಡುದಕ್ಕಾಗಿ ಆಕೆಯನ್ನು ಕ್ಷಮಿಸುವುದಾಗಿ ಮಾತು ಕೊಟ್ಟು ಕಳುಹಿಸಿದರು.